ಖಾಲಿ ಕುರ್ಚಿಗೆ ಕೃತಕ ಬುದ್ಧಿ

ಕಲಬುರಗಿ ಜಿಲ್ಲೆಯ ಘತ್ತರಗಿಗೆ ಭವಿಷ್ಯ ಹೊಸ ಸರಕಲ್ಲ. ಅಮಾವಾಸ್ಯೆ ಬಂತೆಂದರೆ ಅಫಜಲಪುರ, ಆಳಂದ, ಜೇವರ್ಗಿಯ ಹಳ್ಳಿಗಳಿಂದಷ್ಟೇ ಏಕೆ, ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಜನ ಬಂದು ಭೀಮೆಯಲ್ಲಿ ಮುಳುಗೆದ್ದು, ಭಾಗ್ಯವಂತಿ ದೇವಿಯ ಮುಂದೆ ತಮ್ಮ ನಾಳೆಗಳನ್ನು ಒಪ್ಪಿಸಿ ಹೋಗುತ್ತಾರೆ. ಮಗನಿಗೆ ನೌಕರಿ, ಮಗಳಿಗೆ ಒಳ್ಳೆಯ ಮನೆತನ, ತೊಗರಿಗೆ ದರ, ಬಾಕಿ ಉಳಿದ ಕಬ್ಬಿನ ಬಿಲ್ಲು. ಅರ್ಜಿ ಯಾವುದೇ ಇರಲಿ, ಶುಲ್ಕ ಒಂದು ಕಾಯಿ. ದೇವಿ ಇದುವರೆಗೆ ಯಾರಿಗೂ ಓಟಿಪಿ ಕೇಳಿಲ್ಲ. ಸರ್ವರ್ ಡೌನ್ ಅದ, ನಾಳೆ ಬಾ ಎಂದು ಕಳಿಸಿಲ್ಲ.

ಈಗ ಅದೇ ಭವಿಷ್ಯದ ವ್ಯವಹಾರಕ್ಕೆ ಸರ್ಕಾರಗಳು ಇಳಿದಿವೆ. 2025ರ ಕೇಂದ್ರ ಬಜೆಟ್ ಶಿಕ್ಷಣಕ್ಕೆಂದೇ ಎಐ ಉತ್ಕೃಷ್ಟತಾ ಕೇಂದ್ರಕ್ಕೆ 500 ಕೋಟಿ ರೂಪಾಯಿ ಎಂದು ಸಾರಿತು. ಜುಲೈನಲ್ಲಿ ಕೌಶಲ ಸಚಿವಾಲಯ 6ರಿಂದ 12ನೇ ತರಗತಿಯ ಮಕ್ಕಳನ್ನು ಎಐಗೆ ಸಿದ್ಧಗೊಳಿಸಲು ತಲಾ 15 ಗಂಟೆಯ ಮೂರು ಪಾಠಮಾಲೆಗಳನ್ನು ಬಿಟ್ಟಿತು. ಅಕ್ಟೋಬರ್ ಕೊನೆಗೆ ಶಿಕ್ಷಣ ಸಚಿವಾಲಯ ಇನ್ನೂ ಕೆಳಗಿಳಿದು, 2026–27ರಿಂದ 3ನೇ ತರಗತಿಯಿಂದಲೇ ಎಐ ಮತ್ತು ಗಣನಾತ್ಮಕ ಚಿಂತನೆಯ ಪಾಠ ಎಂದು ಪ್ರಕಟಿಸಿತು. ಪಠ್ಯ ಬರೆಯಲು ಐಐಟಿ ಮದ್ರಾಸಿನ ಪ್ರಾಧ್ಯಾಪಕ ಕಾರ್ತಿಕ್ ರಾಮನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೂ ಆಯಿತು. ಸಿಬಿಎಸ್‌ಇ ಶಾಲೆಗಳ ಪ್ರೌಢ ತರಗತಿಗಳಲ್ಲಿ 2019ರಿಂದಲೇ ಎಐ ಐಚ್ಛಿಕ ವಿಷಯ. ದೆಹಲಿಯಲ್ಲಿ ಮಳೆಯಾದರೆ ಬೆಂಗಳೂರಿನಲ್ಲಿ ಕೊಡೆ ಬಿಚ್ಚುವುದು ನಮ್ಮ ರಾಜ್ಯದ ವಾಡಿಕೆ. ಹಾಗಾಗಿ ಈ ಪಾಠ ಇವತ್ತಲ್ಲ ನಾಳೆ ಭೀಮೆಯ ದಂಡೆಗೂ ಬರುತ್ತದೆ.

ಬರಲಿ. ಆದರೆ ನಮ್ಮ ಸರ್ಕಾರಿ ಶಾಲೆಯ 3ನೇ ತರಗತಿ ಎಲ್ಲಿ ಕೂತಿದೆ ಎಂದು ಸಮಿತಿಯವರಿಗೆ ಯಾರಾದರೂ ಮೊದಲೇ ತಿಳಿಸಬೇಕಿತ್ತು. ನಲಿ–ಕಲಿ ಪದ್ಧತಿಯಲ್ಲಿ 1, 2, 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರ ಸುತ್ತ ಕೂತು ಕಲಿಯುತ್ತಾರೆ. ಅಲ್ಲಿ ಎಐ ಪಾಠ ಶುರುವಾದರೆ 1ನೇ ತರಗತಿಯ ಮಗುವಿಗೆ ಎರಡು ವರ್ಷದ ಎಐ ಪುಕ್ಕಟೆ. ಒತ್ತಕ್ಷರಕ್ಕಿಂತ ಮುಂಚೆ ಅಲ್ಗಾರಿದಂ ಕಲಿತ ಜಗತ್ತಿನ ಮೊದಲ ಪೀಳಿಗೆ ಕಲಬುರಗಿಯಿಂದ ಹೊರಬರುವ ಎಲ್ಲ ಸಾಧ್ಯತೆಗಳೂ ಇವೆ.

ಇನ್ನು ಆ ಒಬ್ಬರೇ ಟೀಚರು. ಕೇಂದ್ರ ಶಿಕ್ಷಣ ಸಚಿವಾಲಯದ್ದೇ ಯುಡೈಸ್ ಲೆಕ್ಕದ ಪ್ರಕಾರ 2024–25ರಲ್ಲಿ ದೇಶದಲ್ಲಿ 1,04,125 ಏಕೋಪಾಧ್ಯಾಯ ಶಾಲೆಗಳಿದ್ದವು. ಅವುಗಳಲ್ಲಿ ಕರ್ನಾಟಕದ ಪಾಲು 7,349. ಒಬ್ಬರೇ ಎಂದರೆ ಬರೀ ಪಾಠ ಹೇಳುವವರು ಎಂದು ತಿಳಿಯಬೇಡಿ. ಮೊಟ್ಟೆ–ಬಾಳೆಹಣ್ಣಿನ ಲೆಕ್ಕ ಇಡುವವರು ಅವರೇ, ಮಕ್ಕಳ ಮಾಹಿತಿಯನ್ನು ಕಂಪ್ಯೂಟರಿಗೆ ಏರಿಸುವವರು ಅವರೇ, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ಓಣಿ ಸುತ್ತುವವರೂ ಅವರೇ. 3ನೇ ತರಗತಿಗೆ ಎಐ ಎಂಬ ಸುದ್ದಿ ಬಂದ 2025ರ ಅದೇ ಅಕ್ಟೋಬರಿನಲ್ಲಿ ಕರ್ನಾಟಕದ ಶಿಕ್ಷಕರು ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಯ ನಮೂನೆ ಹಿಡಿದು ಮನೆಮನೆ ತಿರುಗುತ್ತಿದ್ದರು. ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ 18ನೇ ತಾರೀಖಿನವರೆಗೆ ಚಾಚಲಾಯಿತು. ಮಕ್ಕಳ ಶೈಕ್ಷಣಿಕ ಸ್ಥಿತಿಗತಿ ತಿಳಿಯಲು ಶಾಲೆ ಮುಚ್ಚುವುದಕ್ಕಿಂತ ಖಚಿತವಾದ ವಿಧಾನ ಯಾವ ಯಂತ್ರಕ್ಕೂ ಹೊಳೆದಿರಲಾರದು.

ಹೀಗಿರುವಾಗ ಈ ಕಡೆಯ ಯಾವುದೋ ಒಂದು ಸಾಲಿಯಲ್ಲಿ ‘ಎಐ ಮತ್ತು ನಾಳಿನ ವೃತ್ತಿ ಕೌಶಲ’ ಕಾರ್ಯಕ್ರಮ ಇಟ್ಟಿದ್ದಾರೆ ಅನ್ನಿ. ಇನ್ನೂ ನಡೆದಿಲ್ಲ, ಸುಮ್ಮನೆ ಅನ್ನಿ. ನಡೆಯುವ ರೀತಿ ಯಾರಿಗೆ ಗೊತ್ತಿಲ್ಲ? ಬ್ಯಾನರ್ ಕರಿಹಲಗೆಗಿಂತ ದೊಡ್ಡದು. ಅದರಲ್ಲಿ ರೋಬೋಟಿನ ಚಿತ್ರಕ್ಕಿಂತ ದೊಡ್ಡ ಫೋಟೊ ಶಾಸಕರದ್ದು, ಶಾಸಕರಿಗಿಂತ ದೊಡ್ಡದು ಪ್ರಾಯೋಜಕರ ಲಾಂಛನ. ಬೆಂಗಳೂರಿನ ಸಂಪನ್ಮೂಲ ವ್ಯಕ್ತಿಗಳು ಎರಡು ತಾಸು ತಡ. ಮ್ಯಾಪು ಘತ್ತರಗಿ ಸೇತುವೆಯ ಮೇಲೆ ಹಾಯ್ದು ಬಾ ಅಂದಿತ್ತು. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ಸೇತುವೆ ಭೀಮೆಯ ಹೊಟ್ಟೆಯೊಳಗೆ ಹೋಗುತ್ತದೆಂದು ದಂಡೆಯ ಮೇಲಿನ ದನ ಕಾಯುವ ಹುಡುಗನಿಗೆ ಗೊತ್ತು, ಮ್ಯಾಪಿಗೆ ಗೊತ್ತಿಲ್ಲ. ಕಾರು ತಿರುಗಿಸಿ ಸುತ್ತುದಾರಿ ತೋರಿಸಿದವನೂ ಅವನೇ. ಅವನು ಮಾತ್ರ ಕಾರ್ಯಕ್ರಮದೊಳಗಿಲ್ಲ. ಸಾಲಿ ಬಿಟ್ಟು ಒಂದು ವರ್ಷವಾಯಿತು.

“ಮಕ್ಕಳೇ, ನೀವು ದೊಡ್ಡವರಾಗುವ ಹೊತ್ತಿಗೆ ಇವತ್ತಿನ ಉದ್ಯೋಗಗಳು ಯಾವುವೂ ಇರೋದಿಲ್ಲ!” ಎಂದು ಸಂಪನ್ಮೂಲ ವ್ಯಕ್ತಿಗಳು ಗುಡುಗುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಲ್ಲುತ್ತಾನೆ. “ಸರ್, ನಮ್ಮಪ್ಪಗ ಈಗೂ ಇಲ್ರಿ.”

ಚಪ್ಪಾಳೆ. ಚಪ್ಪಾಳೆ ಯಾವುದಕ್ಕೆಂದು ತಿಳಿಯದೆ ಸಂಪನ್ಮೂಲ ವ್ಯಕ್ತಿಗಳೂ ನಗುತ್ತಾರೆ. ಮುಂದಿನ ಪಿಪಿಟಿ ಇಂಗ್ಲಿಷಿನಲ್ಲಿ. ಕೊನೆಗೆ ಪ್ರಾತ್ಯಕ್ಷಿಕೆ. “ಇದಕ್ಕೆ ಏನು ಬೇಕಾದರೂ ಕೇಳಿ, ಉತ್ತರ ಕೊಡುತ್ತೆ. ಯಾರು ಕೇಳ್ತೀರಿ?”

ಎರಡು ಜಡೆಯ ಹುಡುಗಿ ಮೈಕು ಹಿಡಿಯುತ್ತಾಳೆ. “ನಮ್ಮ ಸಾಲಿಗಿ ಗಣಿತದ ಮಾಸ್ತರ್ ಯಾವಾಗ ಬರ್ತಾರ್ರಿ?”

ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ: ಇದು ಅತ್ಯುತ್ತಮ ಪ್ರಶ್ನೆ! ಗಣಿತ ಶಿಕ್ಷಕರ ನೇಮಕಾತಿಯು ಹಲವಾರು ಅಂಶಗಳನ್ನು ಅವಲಂಬಿಸಿರುತ್ತದೆ. ಈ ನಿಟ್ಟಿನಲ್ಲಿ ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸುವುದು ಸೂಕ್ತ. ಅಲ್ಲಿಯವರೆಗೆ ನೀವು ಮಾಡಬಹುದಾದ ಐದು ಸಂಗತಿಗಳು ಇಲ್ಲಿವೆ.

ಹೆಡ್ ಮಾಸ್ತರರು ಪಕ್ಕದ ಸಿಆರ್‌ಪಿಯ ಕಿವಿಯಲ್ಲಿ ಹೇಳುತ್ತಾರೆ: “ಇದು ಸಣ್ಣ ಯಂತ್ರ ಅಲ್ಲ ಬಿಡ್ರಿ. ಡಿಡಿಪಿಐ ಆಗೋ ಲಕ್ಷಣ ಅದ ಇದಕ್ಕ.”

ಶಾಲು, ಹಾರ, ಗುಂಪು ಫೋಟೊ. ಮಕ್ಕಳಿಗೆ ಒಂದೊಂದು ಪೆನ್ನು. ಸಂಜೆಯ ವರದಿಯಲ್ಲಿ ಅಷ್ಟೂ ಮಕ್ಕಳು ಭವಿಷ್ಯಕ್ಕೆ ಸಿದ್ಧ. ವರದಿ ಬರೆದದ್ದೂ ಎಐ. ಇಡೀ ಕಾರ್ಯಕ್ರಮದಲ್ಲಿ ಅದು ನಿಜವಾಗಿ ಮಾಡಿದ ಕೆಲಸ ಅದೊಂದೇ.

ಇದನ್ನೆಲ್ಲ ಹೇಳಿದರೆ, ಹಿಂದುಳಿದ ಭಾಗಕ್ಕೆ ಹೊಸ ತಂತ್ರಜ್ಞಾನ ಬಂದರೆ ಹೊಟ್ಟೆಕಿಚ್ಚೇ ಎಂದು ಕೇಳುವವರಿದ್ದಾರೆ. ಸ್ವಾಮಿ, ತಂತ್ರಜ್ಞಾನದಲ್ಲಿ ಕಲಬುರಗಿ ಎಂದೂ ಹಿಂದುಳಿದಿಲ್ಲ. ಬೆಂಗಳೂರಿನವರು ಟೀವಿಯ ಮುಖ ಕಾಣದ ಕಾಲಕ್ಕೇ ನಮ್ಮ ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಪಾಠ ಇಳಿದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಇಸ್ರೊ ಮತ್ತು ನಾಸಾ ಸೇರಿ ನಡೆಸಿದ ಸೈಟ್ ಪ್ರಯೋಗ ಅದು. ಅಮೆರಿಕದ ಎಟಿಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ. ಕರ್ನಾಟಕದಲ್ಲಿ ಆಯ್ಕೆಯಾದವು ಗುಲಬರ್ಗಾ, ವಿಜಾಪುರ, ರಾಯಚೂರು. ಮುಂಜಾನೆ ಮಕ್ಕಳಿಗೆ ಶಾಲಾ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಜಗತ್ತೇ ಬೆರಗಾಗಿ ನೋಡಿದ ಪ್ರಯೋಗ. ವರ್ಷ ತುಂಬಿತು, ಸಾಲ ತಂದ ಉಪಗ್ರಹ ವಾಪಸು ಹೋಯಿತು. 1977ಕ್ಕೆ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ನಾಲ್ಕು ವರ್ಷ ನಾವು ರಾಜಧಾನಿಗಿಂತ ಮುಂದೆ. ಆ ಮುನ್ನಡೆಯನ್ನು ಎಲ್ಲಿಟ್ಟು ಮರೆತೆವು ಎಂಬುದೇ ಪ್ರಶ್ನೆ.

ಆಮೇಲೆ ಯಂತ್ರಗಳು ಸಾಲುಗಟ್ಟಿದವು. ಹೊಸ ಶತಮಾನದ ಆರಂಭಕ್ಕೆ ಮಾಹಿತಿ ಸಿಂಧು ಬಂತು, ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ಬಂದವು. 2004ರ ಸೆಪ್ಟೆಂಬರಿನಲ್ಲಿ, ಜೇವರ್ಗಿಯಿಂದ ಗೆದ್ದ ಎನ್. ಧರ್ಮಸಿಂಗ್ ಮುಖ್ಯಮಂತ್ರಿಯಾಗಿದ್ದಾಗ, ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ರಾಜ್ಯದ ಇನ್ನೊಂದು ತುದಿಯ ಚಾಮರಾಜನಗರದ ಶಾಲೆಗಳ ಮಾಳಿಗೆಯ ಮೇಲೆ ಬುಟ್ಟಿಯಂಥ ಆಂಟೆನಾಗಳು ಕೂತವು. ರೇಡಿಯೊ ಪಾಠ ಬಂತು, ಐಸಿಟಿ ಲ್ಯಾಬ್ ಬಂತು, ಸ್ಮಾರ್ಟ್ ಕ್ಲಾಸು ಬಂತು. ಪ್ರತಿಯೊಂದು ಬಂದಾಗಲೂ ಹೇಳಿದ ಮಾತು ಒಂದೇ: ಮಾಸ್ತರರ ಕೊರತೆ ಇನ್ನು ಕಾಡದು. ಐವತ್ತು ವರ್ಷದಲ್ಲಿ ಮಾಸ್ತರರ ಖಾಲಿ ಕುರ್ಚಿಯ ಮೇಲೆ ಟೀವಿ, ರೇಡಿಯೊ, ಕಂಪ್ಯೂಟರು, ಡಿಶ್ಶು, ಪ್ರೊಜೆಕ್ಟರು ಸರದಿಯಂತೆ ಕೂತು ಎದ್ದುಹೋಗಿವೆ. ಈಗ ಎಐನ ಸರದಿ. ಆಗಾಗ ಒಬ್ಬ ಮನುಷ್ಯನೂ ಅದರಲ್ಲಿ ಕೂರುತ್ತಾನೆ, ಅವನ ಹೆಸರು ಅತಿಥಿ ಶಿಕ್ಷಕ. 2025–26ಕ್ಕೆ ರಾಜ್ಯ ಕರೆದುಕೊಂಡ ಅತಿಥಿಗಳು 51 ಸಾವಿರ. ಪ್ರಾಥಮಿಕ ಶಾಲೆಯ ಅತಿಥಿಗೆ ತಿಂಗಳಿಗೆ 12 ಸಾವಿರ ರೂಪಾಯಿ. ಇಷ್ಟೊಂದು ಅತಿಥಿಗಳನ್ನು ವರ್ಷವಿಡೀ ದುಡಿಸಿ, ಬೇಸಿಗೆ ಬಂದಾಗ ಮನೆಗೆ ಕಳಿಸುವ ಆತಿಥ್ಯ ಬೇರೆಲ್ಲೂ ಇರಲಾರದು.

ಯಂತ್ರ ಕೆಲಸ ಮಾಡಿದ ಉದಾಹರಣೆಯೇ ಇಲ್ಲವೆ? ಇದೆ. ಕೊರೋನಾ ಕಳೆದ ಮೇಲೆ ಶುರುವಾದ ಗಣಿತ ಗಣಕ ಎಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು 3ರಿಂದ 5ನೇ ತರಗತಿಯ ಮಕ್ಕಳಿಗೆ ಫೋನು ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ಬೇಕಾದದ್ದು ಬಟನ್ನಿನ ಹಳೇ ಫೋನು. ಅದರ ಆ ತುದಿಯಲ್ಲಿ ಒಬ್ಬ ಮಾಸ್ತರರು, ಈ ತುದಿಯಲ್ಲಿ ಒಂದು ಮಗು. ಇಂಥ ಫೋನ್ ಪಾಠದಿಂದ ಮಕ್ಕಳ ಲೆಕ್ಕ ಸುಧಾರಿಸಿದ್ದು ಆಫ್ರಿಕಾದ ಬೋಟ್ಸ್ವಾನಾದಿಂದ ಹಿಡಿದು ಹಲವು ದೇಶಗಳ ಪ್ರಯೋಗಗಳಲ್ಲಿ ಕಂಡಿದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮದ ಹೆಸರಿನಲ್ಲಿ ಮಾಸ್ತರರು ಗುಡಿಯ ಕಟ್ಟೆಗೆ, ಬೇವಿನ ಮರದ ಬುಡಕ್ಕೆ ನಡೆದು ಹೋಗಿ ಪಾಠ ಹೇಳಿದ್ದನ್ನೂ ಮರೆಯಬಾರದು. ಎರಡರಲ್ಲೂ ಮಾಸ್ತರರೇ ಮುಂದೆ, ಯಂತ್ರ ಹಿಂದೆ ಅಥವಾ ಇಲ್ಲವೇ ಇಲ್ಲ. ಇಷ್ಟು ಅಗ್ಗದ ಸತ್ಯಕ್ಕೆ ಉದ್ಘಾಟನೆ ಮಾಡಲು ಬರುವುದಿಲ್ಲ, ಬ್ಯಾನರೂ ಚಂದ ಕಾಣುವುದಿಲ್ಲ. ಆದ್ದರಿಂದ ಎಐ.

ಹಾಗೆ ನೋಡಿದರೆ ಎಐ ನಮ್ಮ ಶಾಲೆಗಳ ದಾರಿಯನ್ನು ಆಗಲೇ ಹಿಡಿದಿದೆ, ಮಾಸ್ತರನಾಗಿ ಅಲ್ಲ, ದಫೇದಾರನಾಗಿ. 2025–26ರ ರಾಜ್ಯ ಬಜೆಟ್ ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ಎಐ ವ್ಯವಸ್ಥೆಯನ್ನು ಘೋಷಿಸಿತು. 52 ಸಾವಿರಕ್ಕೂ ಹೆಚ್ಚು ಸರ್ಕಾರಿ ಮತ್ತು ಅನುದಾನಿತ ಶಾಲೆಗಳು, ಸುಮಾರು 52 ಲಕ್ಷ ಮಕ್ಕಳು. ಸುಳ್ಳು ಹಾಜರಿ ಹಾಕಿ ಬಿಸಿಯೂಟದ ಲೆಕ್ಕ ಉಬ್ಬಿಸುವುದನ್ನು ತಡೆಯುವುದು ಉದ್ದೇಶ. ಮಕ್ಕಳ ಮುಖದ ಚಿತ್ರಗಳು ಯಾರ ಕೈಗೆ ಹೋಗುತ್ತವೆ ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದಿದೆ. ಮಗು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಇಷ್ಟು ಬುದ್ಧಿ ಖರ್ಚು ಮಾಡುವ ಇಲಾಖೆ, ಬಂದ ಮಗುವಿಗೆ ಪಾಠ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವ ಯಂತ್ರವನ್ನು ಏಕೆ ತರಿಸಲಿಲ್ಲ? ಅನ್ನ ತಿಂದ ಬಾಯಿಗಳನ್ನು ಎಣಿಸುವುದು ಸುಲಭ. ಭಾಗಾಕಾರ ಬಂದ ತಲೆಗಳನ್ನು ಎಣಿಸಿದರೆ ಕಷ್ಟ ಇಲಾಖೆಗೆ.

ಪರೀಕ್ಷೆಯ ಕೋಣೆಗೂ ಕಣ್ಣು ಬಂದಿದೆ. 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್. ಕ್ಯಾಮೆರಾ ಕಣ್ಣು ಬಿಟ್ಟ ಮೊದಲ ವರ್ಷವೇ ಫಲಿತಾಂಶ ಕುಸಿದು, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ನಿಂತಿತು. 2025ರ ಮೊದಲ ಪರೀಕ್ಷೆಯಲ್ಲಿ ಆ ಕೃಪೆಯೂ ತಪ್ಪಿ ರಾಜ್ಯದ ಫಲಿತಾಂಶ ಶೇ 62.34. ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲು. ಕಲಬುರಗಿ ಶೇ 42.43, ಕಟ್ಟಕಡೆಗೆ. ಹತ್ತು ವರ್ಷ ತರಗತಿಯಲ್ಲಿ ಯಾರೂ ನೋಡದೆ ಬಿಟ್ಟ ಹುಡುಗನನ್ನು ಮೂರು ತಾಸು ಕ್ಯಾಮೆರಾ ಎವೆಯಿಕ್ಕದೆ ನೋಡಿತು. ಅವನ ಜೀವನದಲ್ಲಿ ಸರ್ಕಾರ ಅವನನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ಆಮೇಲೆ ಪರಿಹಾರವೂ ಬಂತು. 2025ರ ಅಕ್ಟೋಬರಿನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಪಾಸಾಗುವ ಗೆರೆಯನ್ನು 35ರಿಂದ 33ಕ್ಕೆ ಇಳಿಸಿದರು. 625ಕ್ಕೆ 206 ಬಂದರೆ ಸಾಕು, ಪ್ರತಿ ವಿಷಯದಲ್ಲಿ 30. ಮಕ್ಕಳನ್ನು ಗೆರೆಯ ಮೇಲಕ್ಕೆ ಎತ್ತಲು ಮಾಸ್ತರರು ಬೇಕು, ಗೆರೆಯನ್ನು ಮಕ್ಕಳ ಕೆಳಕ್ಕೆ ಇಳಿಸಲು ಆದೇಶ ಸಾಕು. ಈ ಜಿಲ್ಲೆಯ ಉಸ್ತುವಾರಿ ಹೊತ್ತವರು ರಾಜ್ಯದ ಐಟಿ–ಬಿಟಿ ಸಚಿವ ಪ್ರಿಯಾಂಕ್ ಖರ್ಗೆ ಎಂಬುದೂ ಇಲ್ಲಿನವರ ಸೌಭಾಗ್ಯ. ಬೆಂಗಳೂರಿನ ತಂತ್ರಜ್ಞಾನ ಮೇಳದಲ್ಲಿ ಜಗತ್ತಿಗೆ ಎಐ ಹಂಚುವ ಖಾತೆಯೂ, ಹತ್ತನೇ ತರಗತಿಯಲ್ಲಿ ಕಡೆಗೆ ನಿಂತ ಜಿಲ್ಲೆಯೂ ಒಂದೇ ಹೆಗಲ ಮೇಲಿವೆ. ಈ ಭಾಗಕ್ಕೆ ಸಂವಿಧಾನ ಕೊಟ್ಟ ವಿಶೇಷ ಸ್ಥಾನ 371(ಜೆ) ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಮಂಡಳಿಯ ಹಣದಲ್ಲಿ ಕಾಲುಭಾಗ ಶಿಕ್ಷಣಕ್ಕೆ ಎನ್ನುವ ಅಕ್ಷರ ಆವಿಷ್ಕಾರ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಎಲ್ಲವೂ ಇದೆ. ಶೇ 42.43 ಕೂಡ ಇದೆ.

ಇನ್ನು ನಾಳಿನ ವೃತ್ತಿ. ಕೌಶಲದ ಭಾಷಣಕಾರರೆಲ್ಲ ಬೈಬಲ್ಲಿನಂತೆ ಹಿಡಿದು ಬರುವ ಪುಸ್ತಕವೊಂದಿದೆ, ವಿಶ್ವ ಆರ್ಥಿಕ ವೇದಿಕೆ 2025ರ ಜನವರಿಯಲ್ಲಿ ಹೊರತಂದ ಉದ್ಯೋಗ ಭವಿಷ್ಯದ ವರದಿ. 2030ರೊಳಗೆ 17 ಕೋಟಿ ಹೊಸ ಉದ್ಯೋಗ ಹುಟ್ಟುತ್ತವೆ, 9.2 ಕೋಟಿ ಮಾಯವಾಗುತ್ತವೆ ಎಂಬ ಎರಡು ಅಂಕಿ ಅದರಿಂದ ಎಲ್ಲ ಪಿಪಿಟಿಗಳಿಗೂ ಏರುತ್ತವೆ. ಪಿಪಿಟಿಗೆ ಏರದ ಇನ್ನೊಂದು ಸಾಲು ಅದೇ ವರದಿಯಲ್ಲಿದೆ. ಸಂಖ್ಯೆಯ ಲೆಕ್ಕದಲ್ಲಿ ಅತಿ ಹೆಚ್ಚು ಬೆಳೆಯುವ ಉದ್ಯೋಗ ಯಾವುದು? ಎಐ ಎಂಜಿನಿಯರ್ ಅಲ್ಲ, ಹೊಲದ ಕೂಲಿ. ಮೇಲಿನ ಸಾಲುಗಳಲ್ಲಿ ಅದರ ಜೊತೆಗೇ ಸಾಮಾನು ತಲುಪಿಸುವ ಗಾಡಿಯವರು, ಕಟ್ಟಡ ಕೆಲಸದವರು, ಅಂಗಡಿಯಲ್ಲಿ ಮಾರುವವರು ಇದ್ದಾರೆ. ಅಂದಮೇಲೆ ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯಲು ಹೊರಡುವ ಅಪ್ಪ–ಅವ್ವನ ಹಿಂದೆ ಗುಳೆ ಹೋಗುವ ಹುಡುಗ ಶಾಲೆ ಬಿಟ್ಟವನಲ್ಲ, ಆ ವೇದಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನದ ಉದ್ಯೋಗಕ್ಕೆ ಮುಂಗಡವಾಗಿ ಸೇರಿಕೊಂಡವನು. ಪುಣೆಯಲ್ಲಿ ಸ್ಲ್ಯಾಬಿಗೆ ಕಾಂಕ್ರೀಟು ಹೊರುವ ಜೇವರ್ಗಿಯ ಹೆಣ್ಣುಮಗಳು ಭವಿಷ್ಯಕ್ಕೆ ಯಾವತ್ತೋ ಸಿದ್ಧಳಾಗಿದ್ದಾಳೆ. ಪ್ರಮಾಣಪತ್ರ ಕೊಡುವುದೊಂದು ಬಾಕಿ.

ಡಿಜಿಟಲ್ ವೃತ್ತಿಯೇ ಬೇಕು ಎನ್ನುವವರಿಗೆ ಆಳಂದ ದಾರಿ ತೋರಿಸಿದೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಸಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು 24, ಸುಳ್ಳೆಂದು ತಳ್ಳಿಹಾಕಿದ್ದು 5,994. ಕಲಬುರಗಿಯ ಡೇಟಾ ಕೇಂದ್ರವೊಂದರಲ್ಲಿ ಅರ್ಜಿಯೊಂದಕ್ಕೆ 80 ರೂಪಾಯಿಯಂತೆ ಕೂಲಿ ಕೊಟ್ಟು ಈ ಕೆಲಸ ಮಾಡಿಸಲಾಗಿದೆ ಎಂಬುದು ವಿಶೇಷ ತನಿಖಾ ತಂಡದ ಆರೋಪ. ಯಾರು ಮಾಡಿಸಿದರೆಂದು ಕೋರ್ಟು ಹೇಳಲಿ. ನಮ್ಮ ಮಾತು ಕೌಶಲದ್ದು. ಕಂಪ್ಯೂಟರ್ ಬಳಕೆ, ವೇಗ, ಗುರಿ ಮುಟ್ಟುವುದು, ತಂಡವಾಗಿ ದುಡಿಯುವುದು, ತುಂಡುಗುತ್ತಿಗೆ: ಕೌಶಲ ಪಠ್ಯದ ಎಲ್ಲ ಅಧ್ಯಾಯಗಳೂ ಆ ಆರೋಪದೊಳಗಿವೆ. ಇಲ್ಲದ್ದು ಒಂದೇ ಅಧ್ಯಾಯ, ಈ ಕೆಲಸ ಮಾಡಬಹುದೋ ಬಾರದೋ ಎಂದು ಕೇಳಿಕೊಳ್ಳುವುದು. ಅದನ್ನು ಹದಿನೈದು ಗಂಟೆಯಲ್ಲಿ ಕಲಿಸುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ನಮ್ಮ ಮಕ್ಕಳಿಗೆ ಏನೂ ಬಾರದು ಎಂದು ಮಾತ್ರ ತಿಳಿಯಬೇಡಿ. ಅಮಾವಾಸ್ಯೆಯ ದಿನ ಗುಡಿಯ ಮುಂದೆ ಅಪ್ಪನ ಅಂಗಡಿಯಲ್ಲಿ ಕಾಯಿ, ಕರ್ಪೂರ, ಊದಿನಕಡ್ಡಿ, ಖಣ ಸೇರಿಸಿ ಲೆಕ್ಕ ಹಾಕಿ, ಐನೂರರ ನೋಟಿಗೆ ಚಿಲ್ಲರೆ ಎಣಿಸಿ, ಅದೇ ಉಸಿರಿನಲ್ಲಿ ಸೋಲಾಪುರದವರಿಗೆ ಮರಾಠಿಯಲ್ಲಿ ದರ ಹೇಳುವ ಹುಡುಗನನ್ನು ಒಮ್ಮೆ ನೋಡಿ. ಅವನೇ ಶಾಲೆಯಲ್ಲಿ ಭಾಗಾಕಾರಕ್ಕೆ ಬೆವರುತ್ತಾನೆ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೊಲ್ಕತ್ತ, ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. ಸಂತೆಯ ಮಕ್ಕಳಿಗೆ ವ್ಯಾಪಾರದ ಲೆಕ್ಕ ಬಾಯಲ್ಲೇ ಇದೆ, ಶಾಲೆಯ ಲೆಕ್ಕ ಬಾರದು. ಬರೀ ಶಾಲೆಗೆ ಹೋಗುವ ಮಕ್ಕಳದ್ದು ತಿರುವುಮುರುವು. ಎರಡನ್ನೂ ಬೆಸೆಯುವ ಸೇತುವೆ ಕಟ್ಟಬೇಕಾದವರು ಗಣಿತದ ಮಾಸ್ತರರು. ಅವರು ಯಾವಾಗ ಬರುತ್ತಾರೆ ಎಂಬ ಪ್ರಶ್ನೆಗೆ ಐದು ಅಂಶದ ಉತ್ತರ ಆಗಲೇ ಬಂದಿದೆ.

ಮಾತಿನ ಕತೆಯೂ ಇದೇ. “ಅದ”, “ಬಂದಾರ”, “ಹೋಗ್ಲಿಕತ್ತೀನಿ” ಎಂದರೆ ಶಾಲೆಯಲ್ಲಿ ತಿದ್ದುತ್ತಾರೆ, ಬೆಂಗಳೂರಿನಲ್ಲಿ ನಗುತ್ತಾರೆ. ಎಐಗೆ ಮಾತ್ರ ಅದೇ ಮಾತು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಜನರ ಬಾಯಿಂದ ಅವರವರ ಮಾತನ್ನೇ ಸಂಗ್ರಹಿಸುತ್ತಿದೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಚಾಮರಾಜನಗರ ಕಡೆಯ ಹಳ್ಳಿಗರಿಂದ ಕನ್ನಡ ವಾಕ್ಯ ಓದಿಸಿ ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಹಣ ಕೊಟ್ಟದ್ದನ್ನು 2023ರಲ್ಲಿ ‘ಟೈಮ್’ ಪತ್ರಿಕೆ ವರದಿ ಮಾಡಿತ್ತು. ಅಲ್ಲಿಗೆ ಲೆಕ್ಕ ಸರಿಯಾಯಿತು. ಮಗು ಶಾಲೆಯಲ್ಲಿ ತನ್ನ ಮಾತನ್ನು ಬಿಡಬೇಕು, ಯಂತ್ರ ಅದನ್ನು ಕಲಿಯಬೇಕು. ಆಮೇಲೆ ಯಂತ್ರ ನಮ್ಮ ಮಾತಿನಲ್ಲಿ ಹೇಳಿದ್ದನ್ನು ಮಗು ಕಾಸು ಕೊಟ್ಟು ಕೇಳಬೇಕು.

ಎಐ ಪಾಠ ಬೇಡವೆಂದು ಯಾರೂ ಹೇಳುತ್ತಿಲ್ಲ. ಬೇಕೇ ಬೇಕು. 2024ರ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ 14ರಿಂದ 16 ವಯಸ್ಸಿನ ನೂರು ಮಕ್ಕಳಲ್ಲಿ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಮಕ್ಕಳ ಕೈಗೆ ಯಂತ್ರ ಬಂದಾಗಿದೆ. ಅದು ಹೇಳಿದ್ದನ್ನು ಅನುಮಾನಿಸಿ ನೋಡುವ ಬುದ್ಧಿ ಬರಬೇಕಾಗಿದೆ. ಅದಕ್ಕೆ ಲ್ಯಾಬೂ ಬೇಡ, ಲಾಗಿನ್ನೂ ಬೇಡ. ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಯ ಒಂದು ಸೇರು ತನ್ನಿ. ಒಳ್ಳೆಯ ಕಾಳು ಯಾವುದು, ಹುಳುಕು ಯಾವುದು ಎಂದು ಒಂದು ಗುಂಪು ಗುರುತು ಹಾಕಲಿ. ಆ ಗುರುತು ನೋಡಿ ಇನ್ನೊಂದು ಗುಂಪು ನಿಯಮ ಬರೆಯಲಿ. ಮೂರನೆಯ ಗುಂಪು ಗುರುತು ಹಾಕಿದ ಕಾಳು ನೋಡದೆ ನಿಯಮವೊಂದನ್ನೇ ಹಿಡಿದು ಉಳಿದ ಕಾಳು ಆರಿಸಲಿ. ಮೊದಲ ಗುಂಪಿನ ಒಬ್ಬ ಬೇಕೆಂದೇ ತಪ್ಪು ಗುರುತು ಹಾಕಿದರೆ ಕೊನೆಯ ರಾಶಿಯಲ್ಲಿ ಎಷ್ಟು ಹುಳುಕು ಸೇರುತ್ತದೆ? ಯಂತ್ರ ಹೇಗೆ ಕಲಿಯುತ್ತದೆ, ಎಲ್ಲಿ ಎಡವುತ್ತದೆ, ಅದರ ತಪ್ಪಿಗೆ ಯಾರು ಹೊಣೆ ಎಂಬುದು ಒಂದು ಪಿರಿಯಡ್ಡಿನಲ್ಲಿ ತಿಳಿಯುತ್ತದೆ. ಖರ್ಚು ಒಂದು ಸೇರು ತೊಗರಿ, ಅದೂ ಸಂಜೆ ಬೇಳೆಯಾಗುತ್ತದೆ. ಆದರೆ ಇಂಥ ಪಾಠಕ್ಕೆ ಕೋಣೆಯಲ್ಲಿ ಒಬ್ಬರು ನಿಂತಿರಬೇಕು. ಮಗು ತಪ್ಪು ಹೇಳಿದಾಗ ನಗದೆ, ಸರಿ ಹೇಳಿದಾಗ ಸುಮ್ಮನಿರದೆ, “ಯಾಕ ಹಂಗ ಅನ್ನಿಸ್ತು ತಮ್ಮಾ?” ಎಂದು ಕೇಳುವವರು. ಅವರಿಗೆ ಸಂಬಳ ಕೊಡಬೇಕಾಗುತ್ತದೆ. ಯಂತ್ರದ ಕಂಪನಿ ಎಂದೂ ಹೇಳದ ಸತ್ಯ ಅದು.

ಇಷ್ಟಾದರೂ ಯೋಜನೆ ನಿಲ್ಲುವುದಿಲ್ಲ, ನಿಲ್ಲಲೂ ಬೇಡ. ಆದರೆ ಮಕ್ಕಳಿಗೆ ಪಾಠ ಶುರುಮಾಡುವ ಮುನ್ನ ದೊಡ್ಡವರದೊಂದು ಪೂರ್ವಸಿದ್ಧತಾ ಪರೀಕ್ಷೆ ಆಗಿಬಿಡಲಿ. ಮಾದರಿ ಪ್ರಶ್ನೆಪತ್ರಿಕೆ ಇಲ್ಲಿದೆ.

ವಿಷಯ: ಭವಿಷ್ಯ ಕೌಶಲ. ಬರೆಯುವವರು: ಸಚಿವರು, ಕಾರ್ಯದರ್ಶಿಗಳು, ಪ್ರಾಯೋಜಕರು, ಬೆಂಗಳೂರಿನ ಸಂಪನ್ಮೂಲ ವ್ಯಕ್ತಿಗಳು. ಸ್ಥಳ: ಕಲಬುರಗಿ ಜಿಲ್ಲೆಯ ಯಾವುದೇ ಏಕೋಪಾಧ್ಯಾಯ ಶಾಲೆ. ಫ್ಯಾನು ಕೇಳಬಾರದು.

1. ಶಾಲೆಯ ಏಕೈಕ ಶಿಕ್ಷಕರು ಸಮೀಕ್ಷೆಗೆ ಹೋಗಿದ್ದಾರೆ. ಮುಖ ಗುರುತಿಸುವ ಯಂತ್ರ ಮಕ್ಕಳೆಲ್ಲ ಹಾಜರು ಎನ್ನುತ್ತಿದೆ. ಶಾಲೆ ನಡೆಯುತ್ತಿದೆಯೇ? ಹೌದು ಅಥವಾ ಇಲ್ಲ ಎಂದು ಬರೆಯಿರಿ. ‘ಪರಿಶೀಲನೆಯಲ್ಲಿದೆ’ ಎಂದು ಬರೆದರೆ ಸೊನ್ನೆ.

2. ಹೊಂದಿಸಿ ಬರೆಯಿರಿ. ಎಡಗಡೆ: ಟೀವಿ, ರೇಡಿಯೊ, ಕಂಪ್ಯೂಟರ್, ಉಪಗ್ರಹ, ಎಐ. ಬಲಗಡೆ: ಶಿಕ್ಷಕರ ಕೊರತೆ, ಶಿಕ್ಷಕರ ಕೊರತೆ, ಶಿಕ್ಷಕರ ಕೊರತೆ, ಶಿಕ್ಷಕರ ಕೊರತೆ, ಶಿಕ್ಷಕರ ಕೊರತೆ.

3. ಒಂದು ಸುಳ್ಳು ಅರ್ಜಿಗೆ 80 ರೂಪಾಯಿ. ಹತ್ತನೇ ತರಗತಿ ಪಾಸಾಗದ ಹುಡುಗ ದಿನಕ್ಕೆ ಎಷ್ಟು ಅರ್ಜಿ ಹಾಕಿದರೆ ಅತಿಥಿ ಶಿಕ್ಷಕರ ತಿಂಗಳ ಸಂಬಳವನ್ನು ಒಂದು ವಾರದಲ್ಲಿ ಗಳಿಸಬಹುದು? ಲೆಕ್ಕ ಮಾಡಿ ತೋರಿಸಿ, ಕ್ಯಾಲ್ಕುಲೇಟರ್ ಬಳಸುವಂತಿಲ್ಲ.

4. ಬಿಟ್ಟ ಸ್ಥಳ ತುಂಬಿರಿ: ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಗಣಿತ, ವಿಜ್ಞಾನ ಮತ್ತು ಇಂಗ್ಲಿಷ್ ಶಿಕ್ಷಕರ ಎಲ್ಲ ಖಾಲಿ ಹುದ್ದೆಗಳು. ಅತಿಥಿಗಳಿಂದ ತುಂಬಿದರೆ ಅರ್ಧ ಅಂಕ. ಈ ಪ್ರಶ್ನೆ ಕಡ್ಡಾಯ.

ಪಾಸಾಗಲು 33 ಸಾಕು. ಕೃಪಾಂಕ ಇಲ್ಲ, ವೆಬ್‌ಕಾಸ್ಟಿಂಗ್ ಇದೆ. ಎಐ ಬಳಸಲು ಅಡ್ಡಿಯಿಲ್ಲ, ನಾಲ್ಕನೆಯ ಪ್ರಶ್ನೆಗೆ ಅದರಿಂದ ಏನೂ ಆಗುವುದಿಲ್ಲ. ಉತ್ತರಪತ್ರಿಕೆ ತಿದ್ದುವವರು ಹತ್ತನೇ ತರಗತಿಯಲ್ಲಿ ನಪಾಸಾದ ಈ ಜಿಲ್ಲೆಯ ಮಕ್ಕಳು. ಅವರ ಸಂಖ್ಯೆಗೇನೂ ಕೊರತೆಯಿಲ್ಲ.